ಕೂಲಿ ಲೆಕ್ಕಕ್ಕೆ ಬಂದರೇ ಸಂಘ ಉದ್ಯಮವಾದೀತು

ವಿಜಯಪುರ ಜಿಲ್ಲೆಯ ಹಳ್ಳಿಯೊಂದರ ಮಹಿಳಾ ಸ್ವಸಹಾಯ ಸಂಘ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾರಲು ಹೊರಟಾಗ ಲೆಕ್ಕಪತ್ರ ನೋಡಿಕೊಳ್ಳಲು ಜೊತೆಯಾದವಳು ನಾನು. ವಾರದ ಸಭೆ, ಉಳಿತಾಯ, ಒಳಸಾಲ, ಮರುಪಾವತಿ ಎಲ್ಲವೂ ಅಲ್ಲಿ ಶಿಸ್ತಿನಿಂದ ನಡೆಯುತ್ತಿದ್ದವು. ಸ್ತ್ರೀಶಕ್ತಿ ಯೋಜನೆಯ ಕಾಲದಿಂದ ಇಂದಿನ ಸಂಜೀವಿನಿ ಯೋಜನೆಯವರೆಗೆ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಉಳಿತಾಯ, ಸಾಲದ ವ್ಯವಹಾರದಲ್ಲಿ ಚೆನ್ನಾಗಿ ಪಳಗಿದ್ದಾರೆ. ಆದರೆ ವ್ಯಾಪಾರ ಬೇರೆಯದೇ ವಿದ್ಯೆ. ಅದನ್ನು ಅವರ ಜೊತೆ ಕೂತು ಕಲಿಯುತ್ತಾ ನನಗೆ ಮನದಟ್ಟಾದ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು: ಕೂಲಿ. ಆರಂಭದಲ್ಲಿ ರೊಟ್ಟಿಯ ಬೆಲೆ ಕಟ್ಟುತ್ತಿದ್ದುದು ಜೋಳ, ಗಿರಣಿ ಖರ್ಚು, ಕಟ್ಟಿಗೆ ಇಷ್ಟನ್ನೇ ಹಿಡಿದು. ಮಿಕ್ಕಿದ್ದೆಲ್ಲ ಲಾಭ ಎಂದು ಎಲ್ಲರಿಗೂ ಖುಷಿ. ಬಡಿದವರ ಕೂಲಿ ಎಲ್ಲಿ ಎಂದು ಕೇಳಿದರೆ ಹಿರಿಯ ಸದಸ್ಯೆಯೊಬ್ಬರು, ‘ಮನ್ಯಾಗ ಕುಂತು ರೊಟ್ಟಿ ಬಡಿಯೂದಕ್ಕ ಎಂಥಾ ಕೂಲಿರೀ ಅಕ್ಕಾರ?’ ಎಂದರು. ಒಂದು ದಿನ ಒಲೆಯ ಪಕ್ಕದಲ್ಲೇ ವಹಿ ಹಿಡಿದು ಕೂತೆವು. ಹಿಟ್ಟಿಗೆ ಬಿಸಿನೀರು ಹಾಕಿ ನಾದುವುದು, ಬಡಿಯುವುದು, ಹಂಚಿನ ಮೇಲೆ ಹಾಕಿ ಒದ್ದೆಬಟ್ಟೆಯಿಂದ ನೀರು ಸವರುವುದು, ತಿರುವುವುದು, ಖಡಕ್ ಆಗುವವರೆಗೆ ಒಲೆಯ ಬದಿಗೆ ಆನಿಸಿಡುವುದು, ಆರಿದ ಮೇಲೆ ಎಣಿಸಿ ಕಟ್ಟುವುದು, ಪ್ರತಿ ಕೆಲಸಕ್ಕೂ ತಗಲಿದ ಹೊತ್ತನ್ನು ಬರೆದೆವು. ಮುರಿದ ರೊಟ್ಟಿ, ಬಸ್ಸಿನ ಪಾರ್ಸೆಲ್ ಬಾಡಿಗೆ, ಅಂಗಡಿಯವರ ಕಮಿಷನ್ ಎಲ್ಲವನ್ನೂ ಸೇರಿಸಿದೆವು. ಅದೇ ಹೊತ್ತು ಹೊಲಕ್ಕೆ ಕಳೆ ತೆಗೆಯಲು ಹೋದರೆ ಸಿಗುವ ಕೂಲಿಗಿಂತ ರೊಟ್ಟಿಯಿಂದ ಕೈಗೆ ಬರುತ್ತಿದ್ದುದು ಕಡಿಮೆ ಎಂದು ಅವರೇ ಲೆಕ್ಕ ಹಾಕಿ ಕಂಡುಕೊಂಡರು.

ಬೆಲೆ ಏರಿಸಲೇಬೇಕಾಯಿತು. ಕೆಲವು ಅಂಗಡಿಯವರು ಬಿಟ್ಟರು. ಖಾನಾವಳಿಗಳು, ಬೆಂಗಳೂರು, ಪುಣೆಯಲ್ಲಿ ನೆಲೆಸಿದ ಈ ಸೀಮೆಯ ಕುಟುಂಬಗಳು ಉಳಿದವು. ಕೂಲಿ ವಾರವಾರ ಕೈಗೆ ಬರತೊಡಗಿದ ಮೇಲೆ ಕೆಲಸಕ್ಕೆ ಬರುವವರೂ ಹೆಚ್ಚಿದರು. ಹೆಣ್ಣುಮಕ್ಕಳ ಬಿಟ್ಟಿ ದುಡಿಮೆಯ ಮೇಲೆ ನಿಂತ ವ್ಯಾಪಾರ, ಅವರಿಗೆ ಸುಗ್ಗಿಯ ಕೂಲಿ ಸಿಕ್ಕ ದಿನವೇ ನಿಂತುಹೋಗುತ್ತದೆ.

ಎರಡನೆಯದು, ಉಳಿತಾಯದ ದುಡ್ಡು ಬೇರೆ, ವ್ಯಾಪಾರದ ದುಡ್ಡು ಬೇರೆ. ಮಗಳ ಹೆರಿಗೆಗೆ, ಬೀಜ ಗೊಬ್ಬರಕ್ಕೆ ಸಾಲ ಕೊಡಬೇಕಾದ ಹಣದಲ್ಲಿ ಜೋಳದ ಚೀಲ ಕೊಂಡರೆ ಸಂಘದ ಮೂಲ ಉದ್ದೇಶಕ್ಕೇ ಪೆಟ್ಟು. ಎರಡು ಖಾತೆ, ಎರಡು ವಹಿ ಇಡಲೇಬೇಕು. ಬಂಡವಾಳ ಸಾಲದಿದ್ದರೆ ಬ್ಯಾಂಕಿಗೆ ಹೋಗಬಹುದು. ಸ್ವಸಹಾಯ ಸಂಘಗಳಿಗೆ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳುವಂತಿಲ್ಲ ಎಂಬುದು ಎಷ್ಟೋ ಸಂಘಗಳಿಗೆ ಗೊತ್ತೇ ಇರುವುದಿಲ್ಲ.

ಮೂರನೆಯದು, ಮರುಕದಿಂದ ಕೊಳ್ಳುವ ಗಿರಾಕಿ ಒಮ್ಮೆ ಮಾತ್ರ ಬರುತ್ತಾರೆ. ‘ಪಾಪ, ಹಳ್ಳಿ ಹೆಣ್ಣುಮಕ್ಕಳು’ ಎಂದು ಮೇಳದಲ್ಲಿ ಒಯ್ದವರು ಮತ್ತೆ ಕೇಳಿಕೊಂಡು ಬರಬೇಕಾದರೆ ಮಾಲು ಚೆನ್ನಾಗಿರಬೇಕು. ಹತ್ತು ಕೈಯಲ್ಲಿ ಬಡಿದ ರೊಟ್ಟಿ ಒಂದೇ ತೆಳುವಿಗೆ, ಒಂದೇ ಅಗಲಕ್ಕೆ ಬರಲು ತಿಂಗಳುಗಳೇ ಬೇಕಾದವು. ಮಳೆಗಾಲದ ತಂಪು ಗಾಳಿಗೆ ಖಡಕ್ ರೊಟ್ಟಿ ಮೆತ್ತಗಾಗುತ್ತದೆ. ಆರಿದ ಕೂಡಲೇ ಕಟ್ಟಿಡುವ ರೂಢಿ ಮಾಡಿಕೊಂಡೆವು. ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ 14 ಅಂಕಿಗಳ ಆ ಸಂಖ್ಯೆಯನ್ನು ಪ್ಯಾಕೆಟಿನ ಮೇಲೆ ಹಾಕಿದ ನಂತರ, ಅದುವರೆಗೆ ಒಳಗೆ ಬಿಡದ ಅಂಗಡಿಗಳೂ ಮಾಲು ಇಟ್ಟುಕೊಂಡವು.

ನಾಲ್ಕನೆಯದು ಉದ್ರಿ. ನಮ್ಮ ಬಹುಪಾಲು ಮಾಲನ್ನು ಒಬ್ಬ ವ್ಯಾಪಾರಿಯೇ ಕೊಳ್ಳುತ್ತಿದ್ದ ಕಾಲವೊಂದಿತ್ತು. ಬಾಕಿ ಬೆಳೆಯುತ್ತಾ ಹೋಯಿತು, ಜೋಳ ಕೊಳ್ಳಲು ಕೈಯಲ್ಲಿ ಕಾಸಿಲ್ಲದಾಯಿತು. ಲಾಭ ವಹಿಯಲ್ಲಿತ್ತು, ಪೆಟ್ಟಿಗೆಯಲ್ಲಿರಲಿಲ್ಲ. ಹಳೆಯ ಬಾಕಿ ತೀರದೆ ಹೊಸ ಮಾಲಿಲ್ಲ ಎಂಬ ಠರಾವನ್ನು ಸದಸ್ಯರು ಸಭೆಯಲ್ಲೇ ಬರೆದು ಸಹಿ ಹಾಕಿದರು. ಅದನ್ನು ತೋರಿಸಿ ‘ಸಂಘದ ನಿಯಮರೀ’ ಎಂದು ಹೇಳುವುದು ಅವರಿಗೆ ಸುಲಭವಾಯಿತು.

ಐದನೆಯದು, ಬೆಳೆದ ಮೇಲೆ ಕಾನೂನಿನ ನೆಲೆ. ಸ್ವಸಹಾಯ ಸಂಘ 10ರಿಂದ 20 ಜನರಿಗೆ ಸರಿ. ಹಲವು ಊರಿನವರು ಸೇರಿದಾಗ ಸಹಕಾರ ಸಂಘವೋ, ಸೌಹಾರ್ದ ಸಹಕಾರಿಯೋ, ಕನಿಷ್ಠ 10 ಉತ್ಪಾದಕರು ಸೇರಿ ಕಟ್ಟಬಹುದಾದ ಉತ್ಪಾದಕರ ಕಂಪನಿಯೋ ಬೇಕು. 1905ರಲ್ಲೇ ಗದಗ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಮಾದರಿಗೆ ದೂರ ಹೋಗಬೇಕಿಲ್ಲ. ಹೆಗ್ಗೋಡಿನ ‘ಚರಕ’ದ ಮಹಿಳೆಯರು ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆ ತಯಾರಿಸುತ್ತಾರೆ, ‘ದೇಸಿ’ ಅಂಗಡಿಗಳು ಅದನ್ನು ಮಾರುತ್ತವೆ. ಮಾಡುವ ಕೆಲಸ, ಮಾರುವ ಕೆಲಸ ಎರಡಕ್ಕೂ ಬೇರೆ ಬೇರೆ ಕೌಶಲ ಬೇಕೆಂಬುದಕ್ಕೆ ಅದು ಕಣ್ಣೆದುರಿನ ಉದಾಹರಣೆ. 1959ರಲ್ಲಿ ಮುಂಬೈಯ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲದಿಂದ ಶುರು ಮಾಡಿದ ಲಿಜ್ಜತ್ ಪಾಪಡ್ ಕಥೆಯನ್ನು ಸಭೆಯಲ್ಲಿ ಹೇಳಿದಾಗ ನಮ್ಮವರಿಗೆ ಹಿಡಿಸಿದ್ದು ಒಂದೇ ಮಾತು: ಅವರು ತಂದದ್ದು ಸಾಲ, ದಾನವಲ್ಲ.

ಕೊನೆಯದು ನನ್ನಂಥವರಿಗೆ ಸೇರಿದ್ದು. ವಹಿ ಬರೆಯುವುದು, ಗಿರಾಕಿಯ ಜೊತೆ ಮಾತಾಡುವುದು, ಬ್ಯಾಂಕಿಗೆ ಹೋಗುವುದು ಇವೆಲ್ಲ ಹೊರಗಿನವರ ಕೈಯಲ್ಲೇ ಉಳಿದರೆ ಅವರು ಹೋದ ದಿನ ಸಂಘವೂ ಮುಗಿಯಿತು. ಒಂದೊಂದು ಕೆಲಸಕ್ಕೆ ಇಬ್ಬಿಬ್ಬರು ಸದಸ್ಯೆಯರು ತಯಾರಾಗುವವರೆಗೆ ಇದ್ದು, ಆಮೇಲೆ ನಾನು ಹಿಂದೆ ಸರಿದೆ. ಈಗ ಅಲ್ಲಿ ಲೆಕ್ಕ ಬರೆಯುವವರು ಸೊಸೆಯರು, ಅದನ್ನು ಪರಿಶೀಲಿಸುವವರು ಅತ್ತೆಯರು.

ಸಂಘಗಳಿಗೆ ನೆರವಾಗಲು ಹೊರಟವರಲ್ಲಿ ನನ್ನ ವಿನಂತಿ ಇಷ್ಟೇ. ಅನುದಾನದ ಅರ್ಜಿ ಬರೆಯುವ ಮೊದಲು, ಯಂತ್ರ ಕೊಡಿಸುವ ಮೊದಲು, ಆ ಹೆಣ್ಣುಮಕ್ಕಳ ಜೊತೆ ಕೂತು ಅವರ ಒಂದು ದಿನದ ದುಡಿಮೆಗೆ ಬೆಲೆ ಕಟ್ಟಿ. ಆ ಕೂಲಿಯನ್ನು ಕೊಟ್ಟೂ ಮಿಗುವ ದಾರಿ ಕಂಡರೆ ಮುಂದುವರಿಯಿರಿ. ಕಾಣದಿದ್ದರೆ ಕಾಣುವವರೆಗೆ ಬೇರೆ ಬೆಲೆ, ಬೇರೆ ಮಾರುಕಟ್ಟೆ, ಬೇರೆ ಮಾಲು ಹುಡುಕಿ.