ಹಾಲಿನ ಬೂತಿಗೆ ಸ್ಕೂಟರ್ ಏಕೆ?

ಬೆಳಗಿನ ಐದೂವರೆ, ಆರು ಗಂಟೆಗೆ ಕುಕ್ಕರಹಳ್ಳಿ ಕೆರೆಯ ಕಡೆ ಹೋದವರಿಗೆ ಈ ನೋಟ ಹೊಸದಲ್ಲ. ಮಂಕಿ ಕ್ಯಾಪ್, ಕ್ಯಾನ್ವಾಸ್ ಶೂ ಧರಿಸಿದವರು ಸ್ಕೂಟರಿನಲ್ಲಿ, ಕಾರಿನಲ್ಲಿ ಬಂದಿಳಿಯುತ್ತಾರೆ. ಕೆರೆಯ ದಂಡೆಯ ಮೇಲೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯುತ್ತಾರೆ. ಬಂದ ವಾಹನದಲ್ಲೇ ಮನೆಗೆ ಮರಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ನಿರ್ಮಾಣವಾದ ಈ ಕೆರೆ ಮೈಸೂರಿನವರ ಭಾಗ್ಯವೇ ಸರಿ. ಕುವೆಂಪು ಅವರೂ ಇಲ್ಲಿ ವಾಯುವಿಹಾರ ಮಾಡಿದವರೇ. ಆದರೆ ಅದೇ ದಿನ ಸಂಜೆ, ಮನೆಯಿಂದ ಮುನ್ನೂರು ಗಜ ದೂರದ ನಂದಿನಿ ಬೂತಿನಿಂದ ಅರ್ಧ ಲೀಟರ್ ಮೊಸರು ತರಬೇಕಾದಾಗ ನಮ್ಮ ಕೈ ತಾನಾಗಿಯೇ ಸ್ಕೂಟರಿನ ಕೀಲಿಗೆ ಹೋಗುತ್ತದಲ್ಲ, ಈ ವಾರ ಅದನ್ನು ಕುರಿತು ಯೋಚಿಸೋಣ.

'ವಾಕಿಂಗ್' ಎಂಬುದು ದಿನದ ಉಳಿದ ಕೆಲಸಗಳಿಂದ ಬೇರೆಯಾದ, ಶೂ ಹಾಕಿಕೊಂಡೇ ಮಾಡಬೇಕಾದ ಒಂದು ವಿಶೇಷ ಕಾರ್ಯಕ್ರಮ ಎಂದು ನಾವು ಭಾವಿಸಿಬಿಟ್ಟಿದ್ದೇವೆ. ಹೀಗಾದಾಗ ಅದು ಎಲ್ಲರಿಗೂ ದಕ್ಕುವುದಿಲ್ಲ. ಬೆಳಿಗ್ಗೆ ಐದೂವರೆಗೆ ಮನೆಯ ಗೃಹಿಣಿ ಎಲ್ಲಿರುತ್ತಾಳೆ? ಒಲೆಯ ಮುಂದೆ. ಮಕ್ಕಳ ಡಬ್ಬಿ, ಅತ್ತೆಯ ಕಾಫಿ, ಪತಿಯ ತಿಂಡಿ ಮುಗಿಯುವಷ್ಟರಲ್ಲಿ ಬಿಸಿಲೇರಿರುತ್ತದೆ. ಅವಳಿಗೆ ಕೆರೆಯ ದಂಡೆ ಇಲ್ಲ. ಅವಳ ಪಾಲಿಗೆ ಉಳಿಯುವುದು ತರಕಾರಿ ಅಂಗಡಿಯ, ದೇವಸ್ಥಾನದ, ಮಗುವಿನ ಶಾಲೆಯ ದಾರಿ ಮಾತ್ರ. ಆ ದಾರಿಯಲ್ಲೂ ಸ್ಕೂಟರ್ ಬಂದು ನಿಂತಿತೆಂದರೆ ದಿನವಿಡೀ ಅಡಿಗೆಮನೆಯಿಂದ ಪಡಸಾಲೆಗೆ ಓಡಾಡಿದ್ದಷ್ಟೇ ಅವಳ ನಡಿಗೆ.

ಎಷ್ಟು ನಡೆದರೆ ಸಾಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನೀಡಿದ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಬಿರುಸಿನ ಚಟುವಟಿಕೆ ಬೇಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಬಿರುಸು ಸರಿಯಾಗಿದೆಯೇ ಎಂದು ತಿಳಿಯಲು ಯಂತ್ರ ಬೇಡ: ನಡೆಯುತ್ತಾ ಪಕ್ಕದವರ ಜೊತೆ ಮಾತನಾಡಲು ಆಗಬೇಕು, ಹಾಡು ಹೇಳಲು ಆಗಬಾರದು.

ಇದೇ ಸಂಸ್ಥೆ 2010ರಲ್ಲಿ ಸಲಹೆ ನೀಡಿದ್ದಾಗ, ಒಂದೇ ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಮಾಡಿದ ಚಟುವಟಿಕೆ ಮಾತ್ರ ಲೆಕ್ಕಕ್ಕೆ ಎಂದಿತ್ತು. 2020ರಲ್ಲಿ ಆ ಷರತ್ತನ್ನು ಕೈಬಿಟ್ಟಿತು. ಅಂದರೆ ಬೂತಿಗೆ ಹೋಗುವ ಮೂರ್ನಾಲ್ಕು ನಿಮಿಷವೂ ನಡಿಗೆಯೇ, ಬರುವ ಮೂರ್ನಾಲ್ಕು ನಿಮಿಷವೂ ನಡಿಗೆಯೇ. ಇನ್ನು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಾತು. ಅದು ಹುಟ್ಟಿದ್ದು ವೈದ್ಯಕೀಯ ಸಂಶೋಧನೆಯಿಂದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ! ಅಷ್ಟು ನಡೆದರೆ ಒಳ್ಳೆಯದೇ. ಅಷ್ಟಾಗಲಿಲ್ಲವೆಂದು ಕೈಚೆಲ್ಲಿ ಕೂರಬೇಕಿಲ್ಲ.

ಕೆಲಸದ ಭಾಗವಾಗಿ ಬರುವ ನಡಿಗೆಗೆ ಎಂಥ ಬೆಲೆಯಿದೆ ಎಂಬುದನ್ನು ತೋರಿಸಿಕೊಟ್ಟವರು ಲಂಡನ್ನಿನ ಬಸ್ ಕಂಡಕ್ಟರುಗಳು. ಜೆರಿ ಮಾರಿಸ್ ಎಂಬ ವೈದ್ಯರು ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವಿಡೀ ಕುಳಿತೇ ಇರುವ ಡ್ರೈವರುಗಳಿಗಿಂತ ಡಬಲ್ ಡೆಕರ್ ಬಸ್ಸಿನ ಮೆಟ್ಟಿಲು ಹತ್ತಿ ಇಳಿಯುತ್ತಾ ಟಿಕೆಟ್ ಕೊಡುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಕಂಡುಬಂತು. ನಡೆದು ಅಥವಾ ಸೈಕಲ್ ತುಳಿದು ಕಾಗದ ಹಂಚುವ ಅಂಚೆ ಪೇದೆಗಳಿಗೂ ಕುರ್ಚಿಯಲ್ಲಿ ಕುಳಿತ ಗುಮಾಸ್ತರಿಗೂ ಇದೇ ವ್ಯತ್ಯಾಸ. ಡ್ರೈವರುಗಳ ಸಮವಸ್ತ್ರದ ಸೊಂಟದ ಅಳತೆಯೇ ದೊಡ್ಡದಿತ್ತು ಎಂಬುದನ್ನು ಇದೇ ತಂಡ 1956ರಲ್ಲಿ ಗಮನಿಸಿತು. ಹಾಗಾಗಿ ಎಲ್ಲ ಪುಣ್ಯವನ್ನೂ ಮೆಟ್ಟಿಲಿಗೇ ಕಟ್ಟಲಾಗದು. ಆದರೂ ಅಲ್ಲಿಂದ ಮುಂದೆ ನಡೆದ ಅನೇಕ ಅಧ್ಯಯನಗಳು ಇದೇ ದಿಕ್ಕಿಗೆ ಬೊಟ್ಟು ಮಾಡಿವೆ.

ಕ್ಯಾಲೆಂಡರಿನ ಲೆಕ್ಕ

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ಒಂದು ವಾರ ಕಾಲ ಮನೆಯ ವಾಹನ ಎಷ್ಟು ಬಾರಿ, ಯಾವ ಕೆಲಸಕ್ಕೆ ಹೊರಗೆ ಹೋಯಿತು ಎಂದು ಗುರುತು ಹಾಕಿ. ಕುವೆಂಪುನಗರ, ಸರಸ್ವತಿಪುರಂ, ವಿಜಯನಗರದಂಥ ಬಡಾವಣೆಗಳಲ್ಲಿ ಹಾಲು, ಸೊಪ್ಪು, ಔಷಧಿ ಅಂಗಡಿ, ಟ್ಯೂಷನ್, ದೇವಸ್ಥಾನ ಇವುಗಳಲ್ಲಿ ಹೆಚ್ಚಿನವು ಒಂದು ಕಿಲೋಮೀಟರಿನ ಒಳಗೇ ಇರುತ್ತವೆ. ಅಂಗಡಿ 600 ಮೀಟರ್ ದೂರವಿದ್ದರೆ ಹೋಗಿ ಬರಲು ಹದಿನೈದು ನಿಮಿಷ. ದಿನಕ್ಕೆ ಎರಡು ಸಲ, ವಾರದಲ್ಲಿ ಐದು ದಿನ ಎಂದರೆ ಸರಿಯಾಗಿ 150 ನಿಮಿಷ. ಕೆರೆಗೆ ಹೋಗದೆಯೇ, ಬೇಗ ಏಳದೆಯೇ ವಾರದ ಲೆಕ್ಕ ಚುಕ್ತಾ!

ಮಧುಮೇಹಿಗಳಿಗೆ ಇನ್ನೊಂದು ಲಾಭವಿದೆ. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳಬಲ್ಲವು. ಊಟವಾದ ಮೇಲಿನ ಹತ್ತು ಹದಿನೈದು ನಿಮಿಷಗಳ ನಿಧಾನ ನಡಿಗೆ ಊಟದ ನಂತರ ಏರುವ ಸಕ್ಕರೆಯನ್ನು ತಗ್ಗಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ದಾಟಿದೆ. ರಾತ್ರಿ ಊಟವಾದ ಮೇಲೆ ಬೀದಿಯ ತುದಿಯವರೆಗೆ ಹೋಗಿ ಬರುವ ಹಿರಿಯರ ಹಳೆಯ ಅಭ್ಯಾಸ ಎಷ್ಟು ಮನೆಗಳಲ್ಲಿ ಉಳಿದಿದೆ?

ಅಜ್ಜಿ ನಡುರಸ್ತೆಯಲ್ಲಿ ನಡೆಯುವುದೇಕೆ?

"ನಡೆಯಲು ನಮಗೇನೋ ಆಸೆ, ಆದರೆ ನಡೆಯುವುದೆಲ್ಲಿ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೈಸೂರಿನ ಬಡಾವಣೆಗಳ ಹುಟ್ಟೇ ಆರೋಗ್ಯದ ಕಾರಣಕ್ಕೆ ಎಂಬುದನ್ನು ಇಲ್ಲಿ ನೆನೆಯಬೇಕು. 1898ರಲ್ಲಿ ಪ್ಲೇಗ್ ಮಾರಿ ಸಂಸ್ಥಾನಕ್ಕೆ ಕಾಲಿಟ್ಟಿತು. ಇಕ್ಕಟ್ಟಾದ ಹಳೆಯ ಕೇರಿಗಳಿಂದ ಜನರನ್ನು ಗಾಳಿ ಬೆಳಕಿರುವ ಕಡೆಗೆ ತರಬೇಕೆಂಬ ಕಾಳಜಿ ಬೆಳೆಯಿತು. 1903ರಲ್ಲಿ ನಗರಾಭಿವೃದ್ಧಿಗೆಂದೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ನೇರವಾದ ಅಗಲ ರಸ್ತೆಗಳು, ಸಾಲುಮರಗಳು, ಮನೆಗಳ ಹಿತ್ತಿಲಿನಲ್ಲಿ ನೈರ್ಮಲ್ಯದ ಕೆಲಸಕ್ಕೆಂದು ಬಿಟ್ಟ ಕಿರಿದಾದ ಕನ್ಸರ್ವೆನ್ಸಿ ಓಣಿಗಳು ನಮ್ಮ ಹಳೆಯ ಬಡಾವಣೆಗಳ ಗುರುತು. ಈ ಓಣಿಗಳಲ್ಲಿ ಹಲವು ಇಂದು ಕಸ ತುಂಬಿ, ಗಿಡ ಬೆಳೆದು ಮುಚ್ಚಿವೆ. ಶುಚಿಮಾಡಿ ಒಂದೊಂದು ದೀಪ ಹಾಕಿದರೆ ವಾಹನದ ಕಾಟವಿಲ್ಲದ ಕಾಲುದಾರಿಗಳಾಗಬಲ್ಲವು.

ಮುಖ್ಯ ಸಮಸ್ಯೆ ಫುಟ್‌ಪಾತಿನದು. ಹತ್ತು ಹೆಜ್ಜೆಗೊಂದು ಏರಿಳಿತ, ಅಲ್ಲೊಂದು ಟ್ರಾನ್ಸ್‌ಫಾರ್ಮರ್, ಇಲ್ಲೊಂದು ಜಲ್ಲಿ ರಾಶಿ, ನಡುವೆ ಚಪ್ಪಡಿ ಕಿತ್ತುಹೋದ ಚರಂಡಿ. ಎಪ್ಪತ್ತು ದಾಟಿದ ಅಜ್ಜಿ ನಡುರಸ್ತೆಯಲ್ಲಿ ನಡೆದರೆ ಬೈಕಿನವರು ಗದರುತ್ತಾರೆ. ಆಕೆಗೆ ತಿಳಿವಳಿಕೆ ಇಲ್ಲವೆಂದಲ್ಲ. ಡಾಂಬರು ಸಮತಟ್ಟಾಗಿದೆ, ಫುಟ್‌ಪಾತ್ ಸಮತಟ್ಟಾಗಿಲ್ಲ. ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ಓಡಾಡಲಾಗದವರು ಬಹಳ ಮಂದಿ. ಬೀಳದಿದ್ದರೂ ಬೀಳುವ ಭಯವೇ ಸಾಕು, ಹಿರಿಯರು ಹೊರಗೆ ಹೋಗುವುದನ್ನು ಬಿಡುತ್ತಾರೆ. ಕಾಲಿನ ಬಲ ಕುಗ್ಗುತ್ತದೆ, ತೂಕ ತಪ್ಪುತ್ತದೆ, ಬೀಳುವ ಸಂಭವ ಮತ್ತಷ್ಟು ಹೆಚ್ಚುತ್ತದೆ. ಜೊತೆಗೆ ದೇವಸ್ಥಾನದ ಜಗಲಿಯ ನಾಲ್ಕು ಮಾತೂ ತಪ್ಪಿ, ಟಿ.ವಿ.ಯೊಂದೇ ಗತಿಯಾಗುತ್ತದೆ.

ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಂತೆ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಇರಬೇಕು. ಅಂಚಿನ ಕಲ್ಲು 150 ಮಿಲಿಮೀಟರಿಗಿಂತ, ಅಂದರೆ ಸುಮಾರು ಅರ್ಧ ಅಡಿಗಿಂತ, ಎತ್ತರ ಇರಬಾರದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಪಾದಚಾರಿಗಳಿಗೆ ಯೋಗ್ಯವಾದ ಫುಟ್‌ಪಾತ್ ಇರುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ಹೇಳಿದೆ.

ಈಗ ಟೇಪು ಹಿಡಿದು ನಿಮ್ಮ ಮನೆಯ ಗೇಟಿನ ಮುಂದೆ ಬನ್ನಿ. ಕಾರು ಹತ್ತಿಸಲು ನೀವು ಹಾಕಿಸಿರುವ ಸಿಮೆಂಟಿನ ಇಳಿಜಾರು ಎಲ್ಲಿಯವರೆಗೆ ಚಾಚಿದೆ? ಗುಲಾಬಿ, ದಾಸವಾಳಕ್ಕೆಂದು ಕಟ್ಟಿಸಿದ ಕಬ್ಬಿಣದ ಬೇಲಿ ಯಾರ ಜಾಗದಲ್ಲಿದೆ? ಪಾಲಿಕೆಯನ್ನು ದೂರುವಾಗ ನಮಗೆ ಇದು ನೆನಪಾಗುವುದಿಲ್ಲ. ಬೀದಿಯ ಇಪ್ಪತ್ತು ಮನೆಗಳ ಇಪ್ಪತ್ತು ಇಳಿಜಾರುಗಳೇ ಪಕ್ಕದ ಮನೆಯ ಅಜ್ಜಿಯನ್ನು ರಸ್ತೆಗೆ ಇಳಿಸಿರುವುದು. ಇಳಿಜಾರನ್ನು ಕಾಂಪೌಂಡಿನ ಒಳಕ್ಕೆ ಸರಿಸುವುದು ಗಾರೆಯವರಿಗೆ ಒಂದೆರಡು ದಿನದ ಕೆಲಸ. ಹಾಗೆಂದು ಮೂಲೆಯ ಸೊಪ್ಪಿನ ಗಾಡಿಯನ್ನು ಎತ್ತಂಗಡಿ ಮಾಡಿಸಲು ಹೊರಡಬೇಡಿ. ಅದು ಅಲ್ಲಿರುವುದರಿಂದಲೇ ನೀವು ನಡೆದು ಹೋಗುವುದು. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯಂತೆ ಅವರಿಗೂ ಜಾಗ ಗುರುತಿಸಿ ಕೊಡಬೇಕು.

ಮೂರು ಕಿಲೋಮೀಟರಿಗೆ ಸೈಕಲ್

ಹೊರವರ್ತುಲ ರಸ್ತೆಯ ಆಸುಪಾಸಿನ ಹೊಸ ಬಡಾವಣೆಗಳ ಕಥೆ ಬೇರೆ. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ 2020ರಲ್ಲಿ ಪಟ್ಟಣ ಪಂಚಾಯಿತಿಗಳಾದವು, ಹೂಟಗಳ್ಳಿ ನಗರಸಭೆಯಾಯಿತು. ಇಂಥ ಕಡೆ ನಿವೇಶನ ಮೊದಲು, ಮನೆ ಆಮೇಲೆ, ಅಂಗಡಿ ಮತ್ತೂ ಆಮೇಲೆ. ಬಸ್ ನಿಲ್ದಾಣವೇ ದೂರ. ಎರಡು ಮೂರು ಕಿಲೋಮೀಟರ್ ನಡೆಯಲು ಹೆಚ್ಚಾಯಿತು. ಸೈಕಲ್ಲಿಗೆ ಅದು ಹದಿನೈದು ನಿಮಿಷದ ಮಾತು.

ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಸುಮಾರು 30 ಸಾವಿರ ಜನರನ್ನು ಸರಾಸರಿ 14 ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರ ಮರಣ ಪ್ರಮಾಣ ಉಳಿದವರದಕ್ಕಿಂತ ಕಾಲು ಭಾಗಕ್ಕೂ ಹೆಚ್ಚು ಕಡಿಮೆಯಿತ್ತು. ಬಿಡುವಿನಲ್ಲಿ ಮಾಡುವ ವ್ಯಾಯಾಮದ ಪ್ರಭಾವವನ್ನು ಲೆಕ್ಕದಿಂದ ಕಳೆದ ಮೇಲೂ ಈ ವ್ಯತ್ಯಾಸ ಉಳಿಯಿತು.

ಮೈಸೂರಿಗೇನೂ ಸೈಕಲ್ ಹೊಸದಲ್ಲ. 2017ರ ಜೂನ್ ತಿಂಗಳಲ್ಲಿ 'ಟ್ರಿಣ್ ಟ್ರಿಣ್' ಎಂಬ ಹೆಸರಿನಲ್ಲಿ 450 ಸೈಕಲ್ಲುಗಳ ಸಾರ್ವಜನಿಕ ಬಾಡಿಗೆ ವ್ಯವಸ್ಥೆ ಇಲ್ಲಿ ಆರಂಭವಾದಾಗ ದೇಶದ ಅನೇಕ ನಗರಗಳ ಕಣ್ಣು ಇತ್ತ ಹರಿದಿತ್ತು. 2006-07ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಉಚಿತ ಸೈಕಲ್ ಯೋಜನೆಯಿಂದ ಎಂಟನೆಯ ತರಗತಿಯ ಎಷ್ಟೋ ಹೆಣ್ಣುಮಕ್ಕಳು ಹಳ್ಳಿಯಿಂದ ಹೈಸ್ಕೂಲಿಗೆ ಪೆಡಲ್ ತುಳಿದು ಹೋದರು. ಅಡ್ಡಿ ನಮ್ಮ ಸಂಕೋಚದ್ದು. ಸೈಕಲ್ ತುಳಿದರೆ "ಇವರಿಗೇನು ಕಷ್ಟ ಬಂತು" ಎಂದು ಯಾರಾದರೂ ಅಂದುಕೊಂಡಾರೆಂಬ ಅಳುಕು! ಈ ಪತ್ರಿಕೆಯನ್ನು ನಿಮ್ಮ ಅಂಗಳಕ್ಕೆ ಎಸೆದು ಹೋದ ಹುಡುಗ ಬಹುಶಃ ಸೈಕಲ್ಲಿನಲ್ಲೇ ಬಂದಿದ್ದ.

ಅಟ್ಟದ ಮೇಲಿನ ಹಳೆಯ ಸೈಕಲ್ಲನ್ನು ಇಳಿಸುವುದಾದರೆ ಮೊದಲು ಬ್ರೇಕಿನ ರಬ್ಬರ್ ಬದಲಿಸಿ. ಸೀಟಿನ ಎತ್ತರ ಬಹುಮಂದಿ ಗಮನಿಸದ ಸಂಗತಿ. ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯನ್ನಿಟ್ಟರೆ ಮಂಡಿ ನೇರವಾಗಬೇಕು. ಸೀಟು ತಗ್ಗಾದರೆ ಮಂಡಿ ನೋವು ಖಂಡಿತ. ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್ ಇರಲಿ. ವೇಗದ ವಾಹನಗಳು ಓಡುವ ವರ್ತುಲ ರಸ್ತೆಯ ಉದ್ದಕ್ಕೆ ಹೋಗಬೇಡಿ, ಬಡಾವಣೆಯ ಒಳರಸ್ತೆಗಳನ್ನು ಹಿಡಿಯಿರಿ. ನಡೆಯುವವರು ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ನಡೆಯಬೇಕು. ಮುಂಜಾನೆ, ಮುಸ್ಸಂಜೆ ತಿಳಿಬಣ್ಣದ ಬಟ್ಟೆ ತೊಡಿ.

ಯಾರು ಎಚ್ಚರ ವಹಿಸಬೇಕು?

ನಡೆಯುವಾಗ ಎದೆ ಬಿಗಿಯುವುದು, ನೋವು ಎಡತೋಳಿಗೋ ದವಡೆಗೋ ಹರಡುವುದು, ಎಂದೂ ಇಲ್ಲದ ಏದುಸಿರು ಇವು ಕಂಡರೆ ತಕ್ಷಣ ನಿಲ್ಲಿ. ತಾವೇ ವಾಹನ ಓಡಿಸಿಕೊಂಡು ಹೋಗದೆ ಇನ್ನೊಬ್ಬರ ನೆರವಿನಿಂದ ಆಸ್ಪತ್ರೆ ಸೇರಿ. ಹೃದ್ರೋಗಿಗಳು ಹೊಸದಾಗಿ ಆರಂಭಿಸುವ ಮುನ್ನ ತಮ್ಮ ವೈದ್ಯರನ್ನು ಕಾಣಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರ ಜೇಬಿನಲ್ಲಿ ಒಂದಿಷ್ಟು ಸಕ್ಕರೆ ಇರಲಿ. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದವರು ಬರಿಗಾಲಲ್ಲಿ ನಡೆಯಲೇಬಾರದು. ಹರಕೆ ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತುವ ಮಧುಮೇಹಿಗಳು ಮನೆಗೆ ಬಂದ ಮೇಲೆ ಅಂಗಾಲನ್ನು ಪರೀಕ್ಷಿಸದಿದ್ದರೆ, ಚುಚ್ಚಿದ ಕಲ್ಲು ವಾರದೊಳಗೆ ಹುಣ್ಣಾಗಬಹುದು. ತಾಯಿ ಚಪ್ಪಲಿಯ ಮೇಲೆ ಮುನಿಯಲಾರಳು. ಮಂಡಿ ಸವೆದವರಿಗೆ ಹತ್ತುವುದಕ್ಕಿಂತ ಇಳಿಯುವುದು ಹೆಚ್ಚು ಭಾರ. ಇಳಿಯಲು ಸಿಟಿ ಬಸ್ ಇದೆ.

ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ. ಸೈಕಲ್ಲಿನಲ್ಲಿದ್ದರೆ ಇಳಿದು, ಸೈಕಲ್ಲನ್ನು ನಡುವೆ ಅಡ್ಡವಾಗಿಟ್ಟು ನಿಲ್ಲಿ. ಕಚ್ಚಿದರೆ ಅರಿಸಿನ, ಖಾರದಪುಡಿ ಹಚ್ಚದೆ ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಇನ್ನು ಬೀದಿಯನ್ನು ಸರಿಪಡಿಸುವ ಮಾತು. "ನಮ್ಮ ರಸ್ತೆ ಸರಿಯಿಲ್ಲ" ಎಂಬ ಒಂದು ಸಾಲಿನ ಅರ್ಜಿಗೆ ಬೆಲೆಯಿಲ್ಲ. ಬಡಾವಣೆಯ ಸಂಘದವರು ಒಬ್ಬ ಹಿರಿಯರನ್ನೂ ಒಂದು ಶಾಲೆಯ ಮಗುವನ್ನೂ ಜೊತೆಗೆ ಕರೆದುಕೊಂಡು ಮನೆಯಿಂದ ಹಾಲಿನ ಬೂತಿನವರೆಗೆ, ಬೂತಿನಿಂದ ಶಾಲೆಯವರೆಗೆ ಒಮ್ಮೆ ನಡೆಯಿರಿ. ಇಬ್ಬರಲ್ಲಿ ಯಾರು ಎಲ್ಲಿ ಎಡವಿದರು, ಎಲ್ಲಿ ರಸ್ತೆಗೆ ಇಳಿಯಬೇಕಾಯಿತು, ಎಲ್ಲಿ ದಾಟಲು ಕಾಯಬೇಕಾಯಿತು ಎಂಬುದನ್ನು ಮನೆ ನಂಬರ್, ಅಡ್ಡರಸ್ತೆ ಸಹಿತ ಬರೆದುಕೊಳ್ಳಿ. ಕಿತ್ತ ಚಪ್ಪಡಿ, ಉರಿಯದ ದೀಪ, ಅಳಿಸಿಹೋದ ಜೀಬ್ರಾ ಪಟ್ಟೆ ಇಂಥವನ್ನು ಮೊದಲು ಕೇಳಿ; ಇವು ಕಡಿಮೆ ಖರ್ಚಿನ ಕೆಲಸಗಳು. ಪಟ್ಟಿಯ ಎರಡು ಪ್ರತಿ ಮಾಡಿ, ಒಂದನ್ನು ಪಾಲಿಕೆಯ ವಲಯ ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ.