ಹಾಸಿಗೆಯಿಂದ ಬಚ್ಚಲವರೆಗೆ

ರಾತ್ರಿ ಎರಡು ಗಂಟೆಗೆ ಅಜ್ಜಿಗೆ ಎಚ್ಚರವಾಗುತ್ತದೆ. ದೀಪ ಹಾಕಿದರೆ ಮಗುವಿನ ನಿದ್ದೆ ಕೆಟ್ಟೀತೆಂದು ಕತ್ತಲಲ್ಲೇ ಗೋಡೆ ತಡವಿಕೊಂಡು ಹೊರಡುತ್ತಾರೆ. ಎದುರಿಗೆ ಹೊಸಿಲು, ಅದರಾಚೆ ಹಳೇ ಸೀರೆ ಮಡಚಿ ಹಾಸಿದ ಕಾಲೊರಸು, ಆಮೇಲೆ ಒದ್ದೆ ಟೈಲ್ಸ್. ಹಿರಿಯರು ಬೀಳಬಾರದು ಎನ್ನುವವರು ಮೊದಲು ಈ ದಾರಿಯಲ್ಲಿ ತಾವೇ ಒಮ್ಮೆ, ಅದೂ ರಾತ್ರಿ ಹೊತ್ತಲ್ಲೇ, ನಡೆದು ನೋಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು.

ದಾರಿಯ ಕೆಲಸ ಒಂದು ಮಧ್ಯಾಹ್ನದ್ದು. ಜಾರುವ ಕಾಲೊರಸು ತೆಗೆದು, ಅಡಿಗೆ ರಬ್ಬರ್ ಇರುವುದನ್ನು ಹಾಕಿ. ರಾತ್ರಿಯಿಡೀ ಉರಿಯುವ ಸಣ್ಣ ಬಲ್ಬ್ ಇರಲಿ. ಅರಿಸಿನ ಬಳಿದ ಹೊಸಿಲು ಹಗಲಲ್ಲಿ ಕಂಡೀತು, ಮಬ್ಬುಗತ್ತಲಲ್ಲಿ ಕಾಣದು. ಅದರ ಅಂಚಿಗೆ, ಮೆಟ್ಟಿಲುಗಳ ಅಂಚಿಗೂ, ಎದ್ದು ಕಾಣುವ ಬಣ್ಣದ ಪಟ್ಟಿ ಅಂಟಿಸಿ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಪಾಚಿಗಟ್ಟುವ ಅಂಗಳದಲ್ಲಿ ಅಡಿಕೆ ದಬ್ಬೆ ಹಾಸಿ ಓಡಾಡುವುದುಂಟು. ಅಂಗಳಕ್ಕೆ ತೋರುವ ಆ ಎಚ್ಚರ ಬಚ್ಚಲಿಗೂ ಬೇಕು.

ಬಚ್ಚಲಲ್ಲಿ ಜಾರಿದವರ ಕೈಗೆ ಸಿಗುವುದು ಟವೆಲ್ ಕಂಬಿ. ಅದು ಒದ್ದೆ ಬಟ್ಟೆಗಷ್ಟೇ ಲಾಯಕ್ಕು, ಮನುಷ್ಯನ ಭಾರಕ್ಕೆ ಗೋಡೆಯಿಂದ ಕಿತ್ತು ಬರುತ್ತದೆ. ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ಸ್ಟೀಲ್ ಹಿಡಿಕೆಗಳನ್ನು ಗೋಡೆಗೆ ಭದ್ರವಾಗಿ ಕೂರಿಸಬೇಕು. ಕೂತು ಸ್ನಾನ ಮಾಡಲು ಅಲುಗಾಡದ ಕುರ್ಚಿ ಬೇಕು. ಎಣ್ಣೆಸ್ನಾನದ ದಿನ ನೆಲಕ್ಕೆ ಇಳಿದ ಜಿಡ್ಡನ್ನು ಸೋಪುಪುಡಿ ಹಾಕಿ ಉಜ್ಜಿಯೇ ಮುಂದಿನವರು ಒಳಗೆ ಹೋಗಲಿ. ಇನ್ನು ಚಿಲಕ: ಒಳಗಿನಿಂದ ಹಾಕಿಕೊಂಡು ಬಿದ್ದರೆ ಬಾಗಿಲು ಒಡೆಯುವುದೊಂದೇ ದಾರಿ. ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಹಾಕಿಸುವುದು ವಾಸಿ.

ನೆಲ ಸರಿಯಿದ್ದರೂ ಬೀಳುವವರಿದ್ದಾರೆ. ಮಲಗಿದವರು ದಿಢೀರನೆ ಎದ್ದಾಗ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುತ್ತದೆ. ಎದ್ದು ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಇಳಿದರೆ ವೈದ್ಯರು ಅದನ್ನು ತೊಂದರೆ ಎಂದೇ ಎಣಿಸುತ್ತಾರೆ. ಹಾಗಾಗಿ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ಪಾದ ಆಡಿಸಿ, ಆಮೇಲೆ ಏಳಬೇಕು. ಬಿಪಿ ಮಾತ್ರೆ, ನಿದ್ದೆ ಮಾತ್ರೆಯಿಂದಲೂ ತಲೆ ತಿರುಗಬಹುದು. ತಾವೇ ನಿಲ್ಲಿಸದೆ, ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರಿಗೆ ತೋರಿಸಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದರ್ಥ. ಆಗ ಫಿಸಿಯೋಥೆರಪಿಸ್ಟರನ್ನು ಕಾಣಬೇಕು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವಂಥ ಸಣ್ಣ ವ್ಯಾಯಾಮಗಳಿಂದಲೂ ಕಾಲಿಗೆ ಬಲ ಬರುತ್ತದೆ. ಸವೆದ ಹವಾಯಿ ಚಪ್ಪಲಿ ಮಾತ್ರ ಇವತ್ತೇ ಕಸದ ಬುಟ್ಟಿ ಸೇರಲಿ.

ಇಷ್ಟಾದರೂ ಬಿದ್ದರೆ? ಗಾಬರಿಯಲ್ಲಿ ರಟ್ಟೆ ಹಿಡಿದು ಎಳೆಯಬೇಡಿ. ಸೊಂಟ ನೋಯುತ್ತಿದ್ದರೆ, ಕಾಲು ಅಲುಗಿಸಲಾಗದಿದ್ದರೆ ಹೊದಿಕೆ ಹೊದಿಸಿ 108ಕ್ಕೆ ಕರೆ ಮಾಡಿ. ಬೈಯಲೂ ಬೇಡಿ. ಒಮ್ಮೆ ಬೈಸಿಕೊಂಡ ಅಜ್ಜ ಮುಂದಿನ ಸಲ ಬಿದ್ದದ್ದನ್ನು ಹೇಳುವುದೇ ಇಲ್ಲ. ಮೊಣಕೈ ಗಾಯ ಕಾಣದಂತೆ ಅಂಗಿಯ ತೋಳು ಇಳಿಬಿಟ್ಟುಕೊಂಡು ಕಾಫಿಗೆ ಬಂದು ಕೂರುತ್ತಾರೆ.