ಮಡಿಕೇರಿಯ ಮನೆ ಮತ್ತು ಕ್ರಯಪತ್ರದ ಮೊತ್ತ

ಪ್ರೀತಿಯ ಮಗಳೇ,

ಮಡಿಕೇರಿ ಹತ್ತಿರದ, ಕಾಫಿ ತೋಟವಿರುವ ಆ ಮನೆಯ ಫೋಟೋಗಳನ್ನು ನೋಡಿದೆ. ಮನಸ್ಸಿಗೆ ಹಿಡಿಸುವ ಜಾಗವೇ. ಕೊಳ್ಳಬೇಡ ಎನ್ನಲು ಈ ಪತ್ರ ಬರೆಯುತ್ತಿಲ್ಲ. ಆದರೆ 80 ಲಕ್ಷದ ವ್ಯವಹಾರದಲ್ಲಿ 30 ಲಕ್ಷ ಕ್ಯಾಶ್ ಕೊಟ್ಟು, ಉಳಿದ ಐವತ್ತಕ್ಕೆ ರಿಜಿಸ್ಟರ್ ಮಾಡಿಸೋಣ, ಇಬ್ಬರಿಗೂ ಉಳಿತಾಯ ಎಂದು ಬ್ರೋಕರ್ ಹೇಳಿದ್ದಾನಲ್ಲ, ಅದಕ್ಕೆ ಮಾತ್ರ ಒಪ್ಪಬೇಡ.

ಲೆಕ್ಕ ಹಾಕಿ ನೋಡು. 80 ಲಕ್ಷದ ಕ್ರಯಪತ್ರಕ್ಕೆ ಶೇ. 5ರಂತೆ ಮುದ್ರಾಂಕ ಶುಲ್ಕ 4 ಲಕ್ಷ. ಅದರ ಮೇಲೆ ಸೆಸ್ 40,000, ಗ್ರಾಮ ಪಂಚಾಯಿತಿ ವ್ಯಾಪ್ತಿಯಾದ್ದರಿಂದ ಸರ್‌ಚಾರ್ಜ್ 12,000. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ ಕೊನೆಯಲ್ಲಿ ಶೇ. 1ರಿಂದ 2ಕ್ಕೆ ಏರಿಸಿದ್ದಾರೆ, ಅದು 1.60 ಲಕ್ಷ. ಒಟ್ಟು 6.12 ಲಕ್ಷ. ಐವತ್ತಕ್ಕೆ ಬರೆಸಿದರೆ ಇದರಲ್ಲಿ ನಿನಗೆ ಉಳಿಯುವುದು 2,29,500 ರೂಪಾಯಿ.

ಮುಂದೆ ಎಂದಾದರೂ 1.10 ಕೋಟಿಗೆ ಮಾರಿದೆ ಎಂದಿಟ್ಟುಕೋ. ನಿಜವಾಗಿ ಬಂದ ಲಾಭ 30 ಲಕ್ಷ, ಕಾಗದದ ಮೇಲೆ 60 ಲಕ್ಷ. ಎರಡು ವರ್ಷ ದಾಟಿದ ಆಸ್ತಿಗೆ ಈಗ ತೆರಿಗೆ ಶೇ. 12.5, 2024ರ ಜುಲೈ 23ರ ನಂತರ ಕೊಂಡದ್ದಕ್ಕೆ ಇಂಡೆಕ್ಸೇಷನ್ ಇಲ್ಲ. ಬಾರದ 30 ಲಕ್ಷಕ್ಕೆ 3.75 ಲಕ್ಷ ತೆರಿಗೆ ಕಟ್ಟುತ್ತೀಯ. ಇವತ್ತು ಉಳಿಸಿದ್ದಕ್ಕಿಂತ ಹೆಚ್ಚು! ಬ್ಯಾಂಕಿನವರೂ ಐವತ್ತರ ಮೇಲೆಯೇ ಸಾಲ ಲೆಕ್ಕ ಹಾಕುತ್ತಾರೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದಷ್ಟೇ ದಂಡ ಬೀಳಬಹುದು. ಕೊಟ್ಟ ನಿನ್ನನ್ನೂ ಹಣ ಎಲ್ಲಿಂದ ಬಂತೆಂದು ಕೇಳುತ್ತಾರೆ. ಎಲ್ಲಕ್ಕಿಂತ ನನಗೆ ಭಯ ಬೇರೆ: ವ್ಯವಹಾರ ಮುರಿದುಬಿದ್ದರೆ ಆ 30 ಲಕ್ಷಕ್ಕೆ ನಿನ್ನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಕೊಡಗಿನ ಜಾಗಕ್ಕೆ ಇನ್ನೊಂದು ಸೂಕ್ಷ್ಮವಿದೆ. ಅದು ಜಮ್ಮಾ ಬಾಣೆ, ಅಂದರೆ ವಂಶಪಾರಂಪರ್ಯ ಹಕ್ಕಿನ ಜಮೀನಾದರೆ ಪಹಣಿಯಲ್ಲಿ ಹಳೆಯ ಪಟ್ಟೆದಾರರ ಹೆಸರಿನ ಜೊತೆ ಒಕ್ಕದ (ಮನೆತನದ) ಹಲವರ ಹಕ್ಕು ಸೇರಿಕೊಂಡಿರಬಹುದು. ಮಾರುವ ಅಣ್ಣತಮ್ಮಂದಿರಲ್ಲಿ ಒಬ್ಬ ಆಸ್ಟ್ರೇಲಿಯಾದಲ್ಲಿದ್ದಾನೆ ಎಂದು ನೀನು ಹೇಳಿದ್ದೆ. 50 ಲಕ್ಷ ಮುಟ್ಟಿದ ವ್ಯವಹಾರಕ್ಕೆ ಶೇ. 1 ಟಿಡಿಎಸ್ ಹಿಡಿದರಾಯಿತು ಎಂಬುದು ಇಲ್ಲಿ ವಾಸವಿರುವವರಿಗೆ. ಅನಿವಾಸಿಯ ಪಾಲಿಗೆ ಶೇ. 12.5ರ ಮೇಲೆ ಸೆಸ್, ಅನ್ವಯಿಸಿದರೆ ಸರ್‌ಚಾರ್ಜ್ ಕೂಡ ಸೇರಿಸಿ ಹಿಡಿಯಬೇಕು. ಕಡಿಮೆ ಹಿಡಿಯಲು ಅವನೇ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬೇಕು. ತಪ್ಪಿದರೆ ಹೊಣೆ ಕೊಂಡ ನಿನ್ನದು. ಇನ್ನು ಜಮೀನಿನ ಮಾತಿಗೆ ಮರಳಿದರೆ, ಪಹಣಿಯಲ್ಲಿ ‘ಅನ್‌ರಿಡೀಮ್ಡ್’ ಎಂದಿದ್ದರೆ, ಅಂದರೆ ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿಲ್ಲದಿದ್ದರೆ, ಅಲ್ಲಿನ ಮರಗಳ ಬೆಲೆಯೂ ಸರ್ಕಾರದ್ದು. ತೋಟದ ಬೀಟೆ ಮರ ತೋರಿಸಿ ಯಾರಾದರೂ ದರ ಏರಿಸಿದರೆ ಇದು ನೆನಪಿರಲಿ.

2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ನಿಜ. ಆದರೆ ಅಮೆರಿಕದಲ್ಲಿರುವ ನಿನ್ನ ಅಣ್ಣನ ಹೆಸರನ್ನು ಕಾಫಿ ತೋಟದ ಪತ್ರಕ್ಕೆ ಸೇರಿಸುವಂತಿಲ್ಲ; ಅನಿವಾಸಿಗಳು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಖರೀದಿಸುವುದನ್ನು ವಿದೇಶಿ ವಿನಿಮಯ ಕಾನೂನಾದ ಫೆಮಾ ನಿಷೇಧಿಸುತ್ತದೆ. ಮನೆ ನಿಂತಿರುವ ಭಾಗಕ್ಕೆ ಭೂಪರಿವರ್ತನೆ ಆದೇಶವಿದೆಯೇ, ಮೊದಲು ನೋಡು. ಅದಿಲ್ಲದೆ ಗೃಹಸಾಲದ ಆಸೆ ಬಿಡು.

ಮನೆಯನ್ನು ಹೋಂಸ್ಟೇ ಮಾಡಿದರೆ ಅದರ ಆದಾಯವೇ ಇಎಂಐ ಕಟ್ಟುತ್ತದೆ ಎಂಬ ನಿನ್ನ ಲೆಕ್ಕ ನನಗೆ ಒಪ್ಪಿಗೆಯಿಲ್ಲ. 50 ಲಕ್ಷಕ್ಕೆ ಶೇ. 8.5ರಂತೆ ಇಪ್ಪತ್ತು ವರ್ಷವಾದರೆ ತಿಂಗಳಿಗೆ ಸುಮಾರು 43,400. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಸುರಿಯುವ ಮಳೆಯಲ್ಲಿ ಕೋಣೆಗಳು ತುಂಬುವುದು ಕಷ್ಟ, ಕಂತು ಮಾತ್ರ ನಿಲ್ಲುವುದಿಲ್ಲ. ಹೋಂಸ್ಟೇ ಬಿಟ್ಟು ನೀನೇ ಬಳಸಿದರೆ, ಅಂಥ ಎರಡನೇ ಮನೆಯ ಸಾಲದ ಬಡ್ಡಿಗೆ ಹೊಸ ತೆರಿಗೆ ಪದ್ಧತಿಯಲ್ಲಿ ವಿನಾಯಿತಿಯೂ ಇಲ್ಲ. ಸಂಬಳದಿಂದಲೇ ಕಂತು ಕಟ್ಟಲು ಸಾಧ್ಯವಾದರೆ ಮುಂದುವರಿ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ಎಷ್ಟೋ ಮನೆಗಳು ಹೋದವು. ಆದ್ದರಿಂದ ಜುಲೈಯಲ್ಲಿ, ಮಳೆ ಹಿಡಿದಿರುವಾಗ ಹೋಗು. ಮನೆಯ ಹಿಂದಿನ ಗುಡ್ಡದ ಬರೆಯನ್ನು ಎಷ್ಟು ಕಡಿದಿದ್ದಾರೆ, ನೀರು ಯಾವ ಕಡೆ ಇಳಿಯುತ್ತದೆ ಎಂದು ಪಕ್ಕದ ತೋಟದ ಕಾರ್ಮಿಕರ ಲೈನ್‌ಮನೆಯವರನ್ನು ಕೇಳು. ಮುಂಗಡ ಕೊಡುವ ಮೊದಲು ಪಹಣಿ, ಮೂವತ್ತು ವರ್ಷದ ಋಣಭಾರ ಪ್ರಮಾಣಪತ್ರ (ಇಸಿ), ಪರಿವರ್ತನೆ ಆದೇಶ, ವಂಶವೃಕ್ಷ ಇಷ್ಟನ್ನೂ ನನಗೆ ಕಳಿಸು. ಮಡಿಕೇರಿಯಲ್ಲೇ ವಕೀಲಿ ಮಾಡುವ ಪರಿಚಯದವರಿಗೆ ತೋರಿಸುತ್ತೇನೆ.

ನಿನ್ನ ದೊಡ್ಡಪ್ಪ